ಹಳೇ ಸೆನ್ಸರನ್ನೇ ಮತ್ತೆ ಕೂರಿಸಿದ ಬಗ್ಗೆ

ನಾನು, ಎಲ್ಲರೂ ಮೇಸ್ತ್ರಿ ಎಂದು ಕರೆಯುವವನು, ವಯಸ್ಸು 59 ವರ್ಷ, ಉದ್ಯೋಗ ಕಾರು ರಿಪೇರಿ, ವಾಸ ಪೆಟ್ರೋಲ್ ಬಂಕಿನ ಹಿಂದಿರುವ ನನ್ನ ಗ್ಯಾರೇಜಿಗೆ ಅಂಟಿಕೊಂಡ ಒಂದು ಕೋಣೆ. ನನ್ನ ಮೇಲೆ ಬಂದ ದೂರಿನ ಬಗ್ಗೆ ಠಾಣೆಗೆ ಕರೆಸಿ ಕೇಳಲಾಗಿ, ಈ ಮೂಲಕ ನಾನಾಗಿಯೇ ಬಾಯಿಬಿಟ್ಟು ಬರೆಸುವುದೇನೆಂದರೆ:

ಗ್ಯಾರೇಜಿನಲ್ಲಿ ನಾನೊಬ್ಬನೇ ಕೆಲಸ ಮಾಡುತ್ತೇನೆ. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಯಿತು. ಮಕ್ಕಳಿಲ್ಲ. ಇದೆಲ್ಲ ಬರೆಯುವ ಅಗತ್ಯವಿಲ್ಲ ಎಂದು ಬರೆದುಕೊಳ್ಳುತ್ತಿರುವ ಪೇದೆಯವರು ಹೇಳಿದರು. ಅಗತ್ಯವಿದೆ, ಬರ್ಕೊಳ್ಳಿ ಸ್ವಾಮಿ ಎಂದು ನಾನು ಹೇಳಿದೆ.

ಈ ತಿಂಗಳ 3ನೇ ತಾರೀಖು ಸೋಮವಾರ ಬೆಳಿಗ್ಗೆ 9.40ಕ್ಕೆ ದೂರುದಾರರ ಚಿಕ್ಕಮ್ಮ ತಮ್ಮ ಕಾರನ್ನು ತಂದು ನಿಲ್ಲಿಸಿದರು. ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು, ನಾನು ಆಪರೇಟರಮ್ಮ ಎನ್ನುತ್ತೇನೆ. ಸ್ಟೇರಿಂಗ್ ಎದುರಿನ ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ಲೈಟು ಉರಿಯುತ್ತಿದೆ, ಗಾಡಿ ಜರ್ಕ್ ಹೊಡೆಯುತ್ತದೆ ಎಂದರು. ಮಂಗಳವಾರ, ಶುಕ್ರವಾರ ಅಕ್ಕನನ್ನು ಮಂಡಿಯ ವ್ಯಾಯಾಮಕ್ಕೆ 7 ಕಿ.ಮೀ. ದೂರದ ಆಸ್ಪತ್ರೆಗೆ ಕರೆದೊಯ್ಯಬೇಕು, ಬೇಗ ಮಾಡಿಕೊಡಿ ಎಂದು ಹೇಳಿ ಹೋದರು. ಆ ಅಕ್ಕನೇ ದೂರುದಾರರ ತಾಯಿ.

10.05ಕ್ಕೆ ಸ್ಕ್ಯಾನರ್ ಸಿಕ್ಕಿಸಿದೆ. ಎಂಜಿನ್ನಿಗೆ ಪೆಟ್ರೋಲ್ ಸಾಲುತ್ತಿಲ್ಲ ಎಂದು ಕೋಡ್ ತೋರಿಸಿತು. ಕೋಡ್ ಹೇಳಿತು ಅಂತ ಕಣ್ಣು ಮುಚ್ಚಿ ಪಂಪು ಬದಲಾಯಿಸುವ ಪೈಕಿ ನಾನಲ್ಲ. ಗಾಳಿ ಸೋರುತ್ತಿದೆಯೇ ನೋಡಿದೆ, ಇಲ್ಲ. ವೈರುಗಳನ್ನು ಅಲುಗಾಡಿಸಿದೆ, ಗಟ್ಟಿಯಾಗಿದ್ದವು. ಎಂಜಿನ್ ಬಿಸಿ ಮಾಡಿ, ಸೈಲೆನ್ಸರ್ ಪೈಪಿನಲ್ಲಿ ಹೊಗೆ ಅಳೆಯುವ ಆಕ್ಸಿಜನ್ ಸೆನ್ಸರಿಗೆ ಮೀಟರ್ ಹಿಡಿದೆ. ಆಕ್ಸಿಲರೇಟರ್ ಒತ್ತಿದರೆ ಮುಳ್ಳು ಮೇಲೆ ಕೆಳಗೆ ಆಡಬೇಕು, ಅದು ಬಿದ್ದಲ್ಲೇ ಬಿದ್ದಿತ್ತು. ಎಂಜಿನ್ ಕಲ್ಲುಗುಂಡಿನಂತಿತ್ತು, ಸೆನ್ಸರ್ ಸುಳ್ಳು ವರದಿ ಕೊಡುತ್ತಿತ್ತು, ಅಷ್ಟೇ. ಬೀರುವಿನಲ್ಲಿದ್ದ ಹೊಸ ಸೆನ್ಸರ್ ಹಾಕಿ, ಕೋಡ್ ಅಳಿಸಿ, 6 ಕಿ.ಮೀ. ಓಡಿಸಿದೆ. ಲೈಟು ಬರಲಿಲ್ಲ. ಆಗ ಸಮಯ 11.35.

ಸಂಜೆ 4.30ಕ್ಕೆ ಆಪರೇಟರಮ್ಮ ಬಂದರು. ಕೀ ನನ್ನ ಜೇಬಿನಲ್ಲೇ ಇತ್ತು. ಅವರು ಗಾಡಿಯ ವಿಷಯ ಎತ್ತುವ ಮೊದಲು ‘ಊಟ ಆಯ್ತಾ ಮೇಸ್ತ್ರಿ?’ ಎಂದು ಕೇಳಿದರು. ಆಗಿರಲಿಲ್ಲ. ಹೆಂಡತಿ ಹೋದಮೇಲೆ ಆ ಮಾತನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ಅವರು ಕುರ್ಚಿ ಎಳೆದುಕೊಂಡು 5.20ರವರೆಗೆ ಮಾತಾಡಿದರು. ಎದ್ದು ನಿಂತು ಗಾಡಿ ಏನಾಯಿತು ಎಂದಾಗ ನನ್ನ ಬಾಯಿಂದ ‘ಇನ್ನೂ ಗೊತ್ತಾಗ್ತಿಲ್ಲಮ್ಮ, ದಾರೀಲಿ ನಿಂತುಬಿಟ್ರೆ ಕಷ್ಟ, ನಾಳೆ ಬನ್ನಿ’ ಎಂದು ಬಂತು. ಯೋಚಿಸಿ ಹೇಳಿದ್ದಲ್ಲ. ಆದರೆ ಆಮೇಲೆ ಮಾಡಿದ್ದು ಯೋಚಿಸಿಯೇ ಮಾಡಿದ್ದು. ನಾಳೆ ಲೈಟು ತೋರಿಸಿ ಎಂದರೆ ಏನು ಮಾಡುವುದು ಎಂದು, 5.45ಕ್ಕೆ ಹೊಸ ಸೆನ್ಸರ್ ಬಿಚ್ಚಿ ಹಳೆಯದನ್ನೇ ಮತ್ತೆ ಕೂರಿಸಿ, ಲೈಟು ಹತ್ತುವವರೆಗೆ ಓಡಿಸಿಕೊಂಡು ಬಂದೆ. ಮೂವತ್ತೈದು ವರ್ಷದ ಕಸುಬಿನಲ್ಲಿ ಇಂಥ ಹೊಲಸು ಕೆಲಸ ಮಾಡಿದ್ದು ಅದೇ ಮೊದಲು.

4ರಿಂದ 10ನೇ ತಾರೀಖಿನವರೆಗೆ ಅವರು ದಿನಾ 4.30ಕ್ಕೆ ಬಂದರು, ಭಾನುವಾರವೂ ಬಂದರು. ದಿನಾ ಕೀ ತಿರುಗಿಸಿ ಲೈಟು ತೋರಿಸಿದೆ. ಒಂದು ದಿನ ವೈರಿಂಗ್ ಎಂದೆ, ಒಂದು ದಿನ ಪಂಪು ಎಂದೆ. ಮೂವತ್ತೊಂದು ವರ್ಷ ಊರವರ ಕಷ್ಟಸುಖವೆಲ್ಲ ತಮ್ಮ ಕಿವಿ ದಾಟಿಯೇ ಹೋಗಿದೆ ಎಂದು ಅವರು ಹೇಳಿದರು. ‘ಈಗ ನಮ್ಮನೆ ಫೋನ್ ಬಡ್ಕೊಂಡ್ರೆ ರಾಂಗ್ ನಂಬರ್ರೇ. ಆದ್ರೂ ಎರಡು ಮಾತಾಡೇ ಇಡ್ತೀನಿ’ ಎಂದು ನಕ್ಕರು. ನಾನೂ ನಕ್ಕೆ. 5ನೇ ತಾರೀಖಿನಿಂದ ನಾನು ನಾಲ್ಕು ಗಂಟೆಗೇ ಗ್ರೀಸ್ ತೊಳೆದು ಶರ್ಟು ಬದಲಾಯಿಸುತ್ತಿದ್ದೆ. ಇದನ್ನು ಬರೆಯುವಾಗ ಪೇದೆಯವರು ತುಟಿ ಕಚ್ಚಿಕೊಂಡರು. ನಗುವುದಿದ್ದರೆ ನಗಲಿ.

7ನೇ ತಾರೀಖು ಶುಕ್ರವಾರ ಅವರು, ಬಸ್ಸಿನ ಮೆಟ್ಟಿಲು ಎತ್ತರ, ಅಕ್ಕನಿಗೆ ಹತ್ತಿ ಇಳಿಯುವುದು ಬಹಳ ಕಷ್ಟವಾಗುತ್ತಿದೆ ಎಂದರು. ನಾನು ಸ್ಪ್ಯಾನರ್ ಹುಡುಕುವವನಂತೆ ಆ ಕಡೆ ತಿರುಗಿದೆ.

11ನೇ ತಾರೀಖು ಮಂಗಳವಾರ ಅವರು ಬರಲಿಲ್ಲ. 6.10ರವರೆಗೆ ಕಾದು ಫೋನ್ ಮಾಡಿದೆ. ಬೆಳಿಗ್ಗೆ 10.20ಕ್ಕೆ ಆಸ್ಪತ್ರೆಯ ಸ್ಟಾಪಿನಲ್ಲಿ ಬಸ್ಸಿನಿಂದ ಇಳಿಯುವಾಗ ಅಕ್ಕ ಬಿದ್ದು ಬಲಗೈ ಮಣಿಕಟ್ಟಿನ ಮೂಳೆ ಮುರಿದಿದೆ ಎಂದು ತಿಳಿಸಿದರು. ಅವರೇ ನನಗೆ ಸಮಾಧಾನ ಹೇಳಿದರು. ‘ನಿಮ್ಮದೇನು ತಪ್ಪು ಬಿಡಿ ಮೇಸ್ತ್ರಿ, ಗಾಡಿ ಕೆಟ್ರೆ ನೀವೇನ್ ಮಾಡ್ತೀರ’ ಎಂದರು. ಕೆನ್ನೆಗೆ ಬಾರಿಸಿದ್ದರೆ ತಡೆದುಕೊಳ್ಳುತ್ತಿದ್ದೆ.

ಫೋನ್ ಇಟ್ಟು 25 ನಿಮಿಷದಲ್ಲಿ ಹೊಸ ಸೆನ್ಸರ್ ಹಾಕಿದೆ. ಮಾರನೆಯ ದಿನ ಬೆಳಿಗ್ಗೆ 8.15ಕ್ಕೆ ಕಾರನ್ನು ಅವರ ಮನೆಗೆ ಒಯ್ದೆ. ಬಾಗಿಲಲ್ಲಿ ದೂರುದಾರರಿದ್ದರು. ಒಂಬತ್ತು ದಿನ ಆಗದ್ದು ರಾತ್ರೋರಾತ್ರಿ ಹೇಗೆ ಆಯಿತು, ಯಾವ ಪಾರ್ಟು ಕದ್ದಿದ್ದೀಯ ಎಂದು ಏಕವಚನದಲ್ಲೇ ಕೇಳಿದರು. ಕೀ ಕೊಟ್ಟು ನಡೆದುಕೊಂಡು ವಾಪಸ್ಸು ಬಂದೆ, ದೂರ 4 ಕಿ.ಮೀ.

ಪಾರ್ಟು ಕದ್ದಿಲ್ಲ. ಮಾಡಿದ್ದು ಅದಕ್ಕಿಂತ ಕಡೆ. ಸಾಮಾನು ಸಿಗದೆ ತಡವಾಯಿತು ಎಂದು ಬರೆಸಿದರೆ ದೂರು ಇವತ್ತೇ ಮುಗಿಯುತ್ತದೆ ಎಂದು ಠಾಣೆಯ ಸಾಹೇಬರು ಒಳ್ಳೆಯ ಮನಸ್ಸಿನಿಂದ ಹೇಳಿದರು. ಹಾಗೆ ಬರೆಸಿದರೆ ಆಪರೇಟರಮ್ಮ ಅದನ್ನೂ ನಂಬುತ್ತಾರೆ. ಅದು ನನ್ನಿಂದ ಆಗದು. ಈ ಹೇಳಿಕೆಯನ್ನು ಅವರ ಮುಂದೆ ಪೂರ್ತಿ ಓದಬೇಕೆಂದು ಕೋರುತ್ತೇನೆ. ಅವರ ಕಾರಿನಲ್ಲಿ ಈಗ ಯಾವ ದೋಷವೂ ಇಲ್ಲ. ಅವರು ನನ್ನ ಗ್ಯಾರೇಜಿಗೆ ಬರಬೇಕಾದ ಕೆಲಸವೂ ಇಲ್ಲ.

ಮೇಲೆ ಬರೆದದ್ದನ್ನು ನನಗೆ ಓದಿ ಹೇಳಲಾಗಿ, ಒಂದಕ್ಷರವನ್ನೂ ಹೊಡೆದುಹಾಕಬೇಕಿಲ್ಲ, ಎಲ್ಲವೂ ಸತ್ಯ ಎಂದು ಒಪ್ಪಿ ರುಜು ಹಾಕಿದ್ದೇನೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 13, ಗುರುವಾರ, ಸಂಜೆ 4.30

(ಸಹಿ) ಮೇಸ್ತ್ರಿ