ಸೊಸಿ ಮಾತು ಬಿಟ್ಟ ದಿನಗಳು

ಪಾಂಡುರಂಗಾ, ನನ್ನಪ್ಪಾ, ನಿನ್ನ ನೆನಸಿಕೊಂಡೇ ಬಾಯಿ ತೆರೀತೀನಿ, ತಪ್ಪು ಮಾತು ಬಂದರ ಹೊಟ್ಟ್ಯಾಗ ಹಾಕ್ಕೋ. ಹಂಗಲ್ಲ ಮಕ್ಕಳ, ಸತ್ಸಂಗ ಅಂದ್ರ ಕೆಟ್ಟದ್ದು ಅಂತ ನಾ ಅನ್ನಾಂಗಿಲ್ಲ. ಮುಂಬೈ ಹತ್ರದ ಈ ಡೊಂಬಿವಲಿಗೆ ಬಂದಾಗಿಂದ ಒಂದು ಏಕಾದಶಿ ತಪ್ಪಿಸಿದಾಕಿ ಅಲ್ಲ ನಾನು. ಅದಕ್ಕೇ, ನನ್ನ ಸೊಸಿ ಸುನಂದಾ ತನ್ನ ತಾಯಿ ತೀರಿಕೊಂಡ ಮ್ಯಾಲೆ ಸೀವುಡ್ಸ್‌ದಾಗಿನ ಯಾರೋ ಮಾತಾಜಿ ಕಡೆ ಹೋಗಲಿಕ್ಕೆ ಹತ್ತಿದಾಗ ನಾನೇ ಖುಷಿಯಿಂದ ಕಳಿಸಿದೆ. ಮೊದಲು ಗುರುವಾರ ಗುರುವಾರ, ಆಮೇಲೆ ದಿನಾ. ಆಮೇಲೆ ನಮ್ಮ ಕೈ ಅಡಿಗಿ ಒಲ್ಲೆ ಅಂದಳು, ತಾಟು ಬ್ಯಾರೆ ಮಾಡಿದಳು. ಕಡೀಕ ಒಂದು ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸಿದಳು: ದೀಕ್ಷಾ ಆಗದವರ ಜೊತಿ ಮಾತಾಡಬಾರದು, ಮಾತಾಜಿ ಅಪ್ಪಣೆ ಆಗೇದ ಅಂತ. ಮನಿಯೊಳಗ ದೀಕ್ಷಾ ಆದಾಕಿ ಆಕಿ ಒಬ್ಬಾಕೇ, ನೋಡ್ರಿ.

ನನ್ನ ಮಗ ರಬಾಳೆ ಫ್ಯಾಕ್ಟರಿಯಿಂದ ಬಂದು ಕೂಗಾಡಿ ಕೂಗಾಡಿ ಸೋತ. ಮೊಮ್ಮಗಳು ಅಪೂರ್ವಾ, ಆಗ ಹತ್ತನೇ ಕ್ಲಾಸ್ ಓದ್ತಿದ್ಲು, ಆಕಿ ಕೂಗಾಡಲಿಲ್ಲ. ಶಾಲಿಯಿಂದ ಬಂದು, ಮೆಂತ್ಯೆ ಸೊಪ್ಪು ಸೋಸ್ಕೋತ ಕೂತ ತಾಯಿ ಎದುರು ಕೂತು ದಿನದ ಸುದ್ದಿ ಎಲ್ಲಾ ಹೇಳಾಕಿ. ಕ್ಲಾಸಿನ ಸರ್ ಎಡಗಾಲಿಗೆ ಒಂದು, ಬಲಗಾಲಿಗೆ ಒಂದು ಬಣ್ಣದ ಕಾಲುಚೀಲ ಹಾಕ್ಕೊಂಡು ಬಂದಿದ್ದೂ ಹೇಳಿದಳು. ಉತ್ತರ ಬರೂದಿಲ್ಲ, ಯಾಕ ಗಂಟಲು ಹರ್ಕೋತಿ ಅಂತ ಕೇಳಿದೆ. “ಕೇಳ್ತಾಳ ಅಜ್ಜಿ. ಕಾಲುಚೀಲದ ಮಾತಿಗೆ ಕೈ ನಿಂತಿತ್ತು,” ಅಂದಳು.

ಆಗ ನಾ ತಪ್ಪು ಮಾಡಿದೆ. ನೀನೂ ಹೋಗಿ ದೀಕ್ಷಾ ತಗೊಂಬಿಡು, ಕಿವಿಯೊಳಗ ಒಂದು ಮಂತ್ರ ಊದ್ತಾರ, ಮೈಯಾಗಿಂದು ಏನು ಹೋಗ್ತದ, ನಿಮ್ಮವ್ವ ಮಾತರೆ ಆಡ್ತಾಳ ಅಂದೆ. ಪಾಪ, ಹುಡುಗಿ ಎರಡು ದಿನ ವಿಚಾರ ಮಾಡಿ ಗುರುವಾರ ಬಿಳಿ ಡ್ರೆಸ್ ಹಾಕ್ಕೊಂಡು ತಾಯಿ ಹಿಂದ ಬಾಗಿಲ ತನಕಾ ಹೋದಳು. ಹೋದಾಕಿ ಚಪ್ಪಲಿ ಬಿಚ್ಚಿ ವಾಪಸ್ ಬಂದಳು. “ನಂಗ ನಂಬಿಕಿ ಇಲ್ಲ ಅಜ್ಜಿ. ಅಮ್ಮಾ ಮಾತಾಡಲಿ ಅಂತ ಭಗವಾನ್ ಕೆ ಸಾಮ್ನೆ ಝೂಟ್ ಬೋಲೂಂ ಕ್ಯಾ? ದೇವರ ಮುಂದ ಸುಳ್ಳು ಹೇಳ್ಲೇನು?” ಸುನಂದಾ ಕೇಳಿಸಿಕೊಂಡಳು, ಒಬ್ಬಾಕೇ ಇಳಿದು ಹೋದಳು. ನಾನು ದೇವರ ಮುಂದ ಹೋಗಿ ಕೂತೆ. ಜನ್ಮಪೂರ್ತಿ ಕೈ ಮುಗಿದಾಕಿಗೆ ಆ ಮಾತು ಹೊಳೀಲಿಲ್ಲಲಾ.

ಹಂಗ ಮೂರು ವಾರ, ಅಲ್ಲ, ತಿಂಗಳ ಮ್ಯಾಲೇ ಆತು. ಅಪೂರ್ವಾನ ಪರೀಕ್ಷಾ ಬಂತು. ಅವತ್ತು ಮುಂಜಾನೆ ನಾನು ಒಳ್ಳೇದಾಗಲಿ ಅಂತ ಆಕಿ ಕೈಗೆ ಹಾಕಲಿಕ್ಕೆ ಮೊಸರು ಸಕ್ಕರಿ ಕಲಸಲಿಕ್ಕೆ ಹತ್ತಿದ್ದೆ. ಹುಡುಗಿ ಹೆದರಿಕಿಗೆ ತಾಯಿಗೆ ಸುದ್ದಿ ಹೇಳೂದೂ ಮರೆತು, ಬೂಟಿನ ಲೇಸು ಕಟ್ಟಿಕೋತ ಕೂತಿತ್ತು. ಸುನಂದಾ ಅಡಿಗಿ ಮನಿ ಬಾಗಿಲಿಗೆ ಬಂದು ನಿಂತಳು. ಆಮೇಲೆ, ದನಿ ಗೊಗ್ಗರ ಆಗಿತ್ತು, “ಹಾಲ್ ಟಿಕೀಟ ತಗೊಂಡಿಯೇನು?” ಅಂದಳು.

ನನ್ನ ಚಮಚ ಅಲ್ಲೇ ನಿಂತಿತು. ಹುಡುಗಿ ಮಾತ್ರ ತಲಿ ಎತ್ತಲಿಲ್ಲ. “ಹೂಂ. ಪೆನ್ನೂ ಎರಡು ಅದಾವ,” ಅಂದಳು, ನಿನ್ನೆನೂ ಮಾತಾಡಿದ್ರು ಅನ್ನೂಹಂಗ.

ಸುನಂದಾ ಈಗೂ ಗುರುವಾರ ಹೋಗ್ತಾಳ, ಸುಳ್ಳು ಯಾಕ ಹೇಳ್ಲಿ. ಆದರ ಆ ಅಪ್ಪಣೆ ಬದಿಗಿಟ್ಟು ನಮ್ಮ ಜೊತಿ ಉಣ್ತಾಳ, ಮಾತಾಡ್ತಾಳ. ಇದನ್ನೆಲ್ಲಾ ಹೇಳ್ರಿ ಅತ್ತಿ ಅಂತ ಆಕೀನೇ ಅಂದಾಳ. ಅದಕ್ಕ ಮಕ್ಕಳ, ಮನಿಯವರು ಯಾರರೆ ದೂರ ಹೊಂಟ್ರ ಜಗ್ಗಾಡಬ್ಯಾಡ್ರಿ, ಸುಳ್ಳು ಹೇಳಿ ಹಿಂದ ಹೋಗಬ್ಯಾಡ್ರಿ, ದಿನದ ಸುದ್ದಿ ಹೇಳ್ಕೋತ ಇರ್ರಿ. ಇಷ್ಟೊತ್ತು ಕೂತು ಕೇಳಿದ ನಿಮ್ಮೆಲ್ಲರ ಮನಿಯೊಳಗೂ ಮಾತು ಬತ್ತದಾಂಗ ವಿಠ್ಠಲ ಕಾಯಲಿ.