ಬಲಗಿವಿ

ಹೊಲಿಯಬೇಕಾದ ಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಿದ್ದ ದರ್ಜಿಯಮ್ಮನಿಗೆ, ಮುಂದಿನ ಸೀಟಿನ ಅಕ್ಕ-ತಮ್ಮನ ಜಗಳ ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ತಮ್ಮ ತಾನೇ ವಿನ್ಯಾಸ ಮಾಡಿದ ವೈರ್‌ಲೆಸ್ ಇಯರ್‌ಬಡ್ ಜೋಡಿಯನ್ನು ಅಕ್ಕನಿಗೆ ಕೊಟ್ಟಿದ್ದ. ಎಡಗಡೆಯದು ಕಚ್ಚಿಕೊಂಡು ಕೂತಿತ್ತು. ಬಲಗಡೆಯದು ಮೂರನೇ ಸಲ ಮಡಿಲಿಗೆ ಬಿತ್ತು.

“ಸರಿಯಾಗಿ ಒತ್ತಿ ಹಾಕ್ಕೋ ಅಕ್ಕಾ. ನಾಲ್ಕು ತಿಂಗಳು ಕೂತು ಮಾಡಿದೀನಿ, ನಿನ್ನ ಕಿವಿ ಅಚ್ಚಿಗೇ.”

“ಯಾವ ಕಿವಿ ಅಚ್ಚು?”

“ಎಡಗಿವೀದು. ಅದನ್ನೇ ಕಂಪ್ಯೂಟರಲ್ಲಿ ಕನ್ನಡಿ ಥರ ತಿರುಗಿಸಿ ಬಲಗಡೇದು ಮಾಡ್ದೆ. ಎಲ್ಲರೂ ಹಾಗೇ ಮಾಡೋದು.”

ಎರಡೂ ಹೆಗಲು ಒಂದೇ ಸಮ ಇರುವವರನ್ನು ದರ್ಜಿಯಮ್ಮ ಇಷ್ಟು ವರ್ಷಗಳಲ್ಲಿ ಒಬ್ಬರನ್ನೂ ಕಂಡಿರಲಿಲ್ಲ. ಅಕ್ಕ ಮಡಿಲಿಗೆ ಬಿದ್ದದ್ದನ್ನು ಎತ್ತಿಕೊಂಡಳು.

“ಎಲ್ಲರ ಕಿವಿಗೂ ಅವರವರ ತಮ್ಮಂದಿರು ಬ್ಯಾಟ್ ಬೀಸಿರ್ತಾರೇನೋ?”

“ಅಕ್ಕಾ, ಆಗ ನಂಗೆ ಆರು ವರ್ಷ.”

“ಅದಕ್ಕೆ ಯಾವತ್ತಾದ್ರೂ ಬೈದಿದೀನಾ? ಇವತ್ತು ಬೈತೀನಿ. ಈ ಮುದುರಿದ ಕಿವಿ ಮೇಲೆ ಕೂದಲು ಇಳಿಬಿಟ್ಕೊಂಡು ಇಪ್ಪತ್ತು ವರ್ಷ ಆಯ್ತು. ನಾಲ್ಕು ತಿಂಗಳು ನನ್ನ ಪಕ್ಕದಲ್ಲೇ ಕೂತಿದ್ಯಲ್ಲೋ, ಒಂದ್ಸಲ ಈ ಕಡೆ ನೋಡೋಕಾಗ್ಲಿಲ್ವಾ ನಿಂಗೆ?”

“ಆಗಲ್ಲ ಅಕ್ಕಾ. ನೋಡೋಕೇ ಆಗಲ್ಲ.”

“ಹೊತ್ಕೊಂಡು ತಿರುಗ್ತಿರೋಳು ನಾನು. ನೋಡೋಕೆ ನಿಂಗೆ ಕಷ್ಟಾನಾ?”

ಅವರು ಇಳಿಯುವ ಸ್ಟಾಪು ಬಂತು. ಅಕ್ಕ ಎದ್ದು ನಿಂತಳು. ಕೂದಲನ್ನೆಲ್ಲ ಮೇಲೆತ್ತಿ ಬಿಗಿಯಾಗಿ ತುರುಬು ಕಟ್ಟಿದಳು. ಕಿವಿ ಎಲ್ಲರಿಗೂ ಕಂಡಿತು.

“ಅಚ್ಚು ತೆಗೆಯೋ ಮೇಣ ಬ್ಯಾಗಲ್ಲಿದೆಯಾ?”

“ಇದೆ.”

“ಸರಿ, ಇಳಿ. ಮನೆ ತನಕ ನನ್ನ ಬಲಗಡೆಗೇ ನಡೀಬೇಕು ನೀನು.”