ನಾಲ್ಕರ ಮಗ್ಗಿ

ಹಸುಗೂಸುಗಳ ವಾರ್ಡಿನ ಹೊರಗೆ ದರ್ಜಿ ಲಿಫ್ಟಿಗೆ ಕಾಯುತ್ತಿದ್ದ. ಒಳಗೆ ಮೂರನೇ ತೊಟ್ಟಿಲಲ್ಲಿ ಅವನ ಎರಡು ದಿನದ ಮೊಮ್ಮಗಳಿದ್ದಳು. ಮುಂದೆ ಹಿರಿಯ ನರ್ಸು, ಪಕ್ಕದಲ್ಲಿ ಸಂಶೋಧನೆಯ ಫೈಲು ಅಪ್ಪಿಕೊಂಡ ಎಳೆಯ ಡಾಕ್ಟರು. ಬೇಡವೆಂದರೂ ಅವರ ಮಾತು ಕಿವಿಗೆ ಬೀಳುತ್ತಿತ್ತು.

“ಏನ್ ಡಾಕ್ಟ್ರೇ, ನಿಮ್ಮ ಕೂಸುಗಳೆಲ್ಲ ನಾಲ್ಕರ ಮಗ್ಗಿ ಕಲಿತೇ ಹುಟ್ಟಿದಾವಾ?”

“ಅಂದ್ರೆ, ಸಿಸ್ಟರ್?”

“ನಲವತ್ನಾಲ್ಕು, ನಲವತ್ತೆಂಟು, ಐವತ್ತೆರಡು. ಎಂಬತ್ತು ಮಕ್ಕಳ ಉಸಿರು ಬರೆದಿದೀರಿ. ಒಂದಾದ್ರೂ ನಲವತ್ತೇಳು ಇದೆಯಾ?”

“ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದೆ. ಎಲ್ರೂ ಹಾಗೇ ಮಾಡ್ತಾರೆ.”

“ದೊಡ್ಡೋರಿಗೆ ಮಾಡ್ಲಿ. ಹಸುಗೂಸು ಸರಸರ ಉಸಿರಾಡುತ್ತೆ, ಸ್ವಲ್ಪ ಹೊತ್ತು ಸುಮ್ನಾಗುತ್ತೆ, ಮತ್ತೆ ಶುರು ಮಾಡುತ್ತೆ. ಅದು ಸುಮ್ನಾದಾಗ ನೀವು ಎಣಿಸಿದ್ರೆ, ಏದುಸಿರು ಬಿಡೋ ಮಗೂನೂ ಗುಂಡುಕಲ್ಲಿನ ಹಾಗಿದೆ ಅಂತ ಬರೀತೀರಿ.”

“ಅಷ್ಟೊಂದು ಮಕ್ಕಳಿಗೆ ಪೂರ್ತಿ ಒಂದೊಂದು ನಿಮಿಷ ಎಲ್ಲಿಂದ ತರ್ಲಿ?”

“ಈ ಲಿಫ್ಟಿಗೆ ಐದು ನಿಮಿಷ ಕಾದ್ರಲ್ಲ, ಅದನ್ನ ಎಲ್ಲಿಂದ ತಂದ್ರಿ?”

ಡಾಕ್ಟರು ಫೈಲನ್ನು ಇನ್ನಷ್ಟು ಅಪ್ಪಿಕೊಂಡರು.

“ಮೂರನೇ ತೊಟ್ಟಿಲಿಗೆ ಐವತ್ತಾರು ಅಂತ ಬರೆದ್ರಿ, ಸರಿಯಾಗಿದೆ ಅಂತ ಟಿಕ್ಕೂ ಹಾಕಿದ್ರಿ. ನಾನು ಪೂರ್ತಿ ನಿಮಿಷ ನಿಂತು ಎಣಿಸಿದೆ, ಎಪ್ಪತ್ತೊಂದು. ಅರವತ್ತು ದಾಟಬಾರದು. ಆಕ್ಸಿಜನ್ ಹಾಕಿಸಿ ಬಂದೆ.”

“ಅದೊಂದನ್ನ ತಿದ್ದಿಬಿಡ್ತೀನಿ, ಸಿಸ್ಟರ್.”

“ತಿದ್ದಿ. ಎಪ್ಪತ್ತೆರಡು ಅಂತ ತಿದ್ದಿ, ಮಗ್ಗಿ ತಪ್ಪೋದು ಬೇಡ.”

ಲಿಫ್ಟು ಬಂತು. ಇಬ್ಬರೂ ಹತ್ತಿದರು, ಬಾಗಿಲು ಮುಚ್ಚಿತು.

ದರ್ಜಿ ಹತ್ತಲಿಲ್ಲ. ಎದೆಯ ಕಾಲು ಭಾಗ ಅಳೆದು, ನಾಲ್ಕರಿಂದ ಗುಣಿಸಿ ಯಾರ ಅಂಗಿಯನ್ನೂ ಹೊಲಿದವನಲ್ಲ ಅವನು. ವಾರ್ಡಿನ ಗಾಜಿಗೆ ಹಣೆ ಹಚ್ಚಿ, ಕೈಗಡಿಯಾರ ನೋಡುತ್ತ ಒಂದರಿಂದ ಎಣಿಸತೊಡಗಿದ. ಹದಿನೈದು ಸೆಕೆಂಡಾಯಿತು. ನಿಲ್ಲಿಸಲಿಲ್ಲ.